ಅಮ್ಮನ ಹೊಲಿಗೆ ಮೆಷಿನ್

ಅಮ್ಮ ಹೋದ ಮೇಲೆ ಮನೆಯಲ್ಲಿ ಮೊದಲು ಇಲ್ಲವಾಗಿದ್ದು ಒಂದು ಸದ್ದು. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನ ಟಕಟಕ. ನಾವು ಮೂವರು ಮಕ್ಕಳು ಅದನ್ನು ಕೇಳುತ್ತಲೇ ಮಲಗುತ್ತಿದ್ದೆವು, ಕೇಳುತ್ತಲೇ ಏಳುತ್ತಿದ್ದೆವು. ನಡುವೆ ಅವಳು ಮಲಗುತ್ತಿದ್ದಳೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ.

ಹಗಲು ಹೊರಗೆ ದುಡಿತ, ರಾತ್ರಿ ಅವರಿವರ ಬಟ್ಟೆ. ಅಳತೆ ಬರೆದಿಡುತ್ತಿರಲಿಲ್ಲ, ಎಲ್ಲಾ ತಲೆಯಲ್ಲೇ. ಸಿಟ್ಟು ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಬಾಬಿನ್ನಿನಲ್ಲಿ ದಾರ ಸಿಕ್ಕಾದಾಗ ಹತ್ತಿರ ಹೋದವರಿಗೆ ಬೈಗುಳ ಗ್ಯಾರಂಟಿ.

ಮೊಮ್ಮಗಳ ಮುಂದೆ ಮಾತ್ರ ಬೇರೆಯೇ ಹೆಂಗಸು! ನಮಗೆ ಮುಟ್ಟಲೂ ಬಿಡದ ಚಕ್ರವನ್ನು ನನ್ನ ಮಗಳು ಸುಮ್ನೆ ತಿರುಗಿಸುತ್ತಾ ಕೂರುತ್ತಿದ್ದಳು. ಅಜ್ಜಿಯ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವುದೂ ಅವಳ ಕೆಲಸವೇ ಆಯಿತು. ಅಜ್ಜಿ ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡುವಳು, ಇವಳು ಒಂದು ಕಣ್ಣು ಮುಚ್ಚಿ ತೂರಿಸುವಳು. "ಹೋಯ್ತಾ?" "ಹೋಯ್ತು ಅಜ್ಜಿ."

ಮೊನ್ನೆ ಮೆಷಿನ್ನಿನ ಡ್ರಾಯರ್ ತೆಗೆದೆ. ಬಿಡಿ ಗುಂಡಿಗಳು, ಸವೆದ ಸೀಮೆಸುಣ್ಣ, ಅಂಕಿ ಅಳಿಸಿದ ಟೇಪು. ಸೂಜಿಯಲ್ಲಿ ನೀಲಿ ದಾರ ಹಾಗೇ ಇತ್ತು. ನನ್ನ ಅಂಗಿಯದ್ದು. ಒಂದು ತೋಳು ಇನ್ನೂ ಬಾಕಿ.