ಚರಂಡಿ ಹೂಳಿನ ಠರಾವು ಫೆಬ್ರವರಿಯಲ್ಲೇ ಆಗಲಿ

ಸೋಮವಾರಪೇಟೆಯಂಥ ಪಟ್ಟಣ ಪಂಚಾಯಿತಿಯಲ್ಲಿ ಹೂಳೆತ್ತುವ ಠರಾವು (ಸಭೆಯ ನಿರ್ಣಯ) ಮೇ ತಿಂಗಳಿಗೆ ಬಿದ್ದರೆ ಕೆಲಸ ಕೆಟ್ಟಂತೆಯೇ. ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯಡಿ, ಟೆಂಡರ್ ಸಲ್ಲಿಸಲು ಸಾಮಾನ್ಯವಾಗಿ ಕನಿಷ್ಠ ಕಾಲಾವಕಾಶ ಕೊಡಬೇಕು. ಆಮೇಲೆ ದರ ಪರಿಶೀಲನೆ, ಕಾರ್ಯಾದೇಶ. ಅಷ್ಟರಲ್ಲಿ ಜೂನ್ ಮಳೆ ಹಿಡಿದಿರುತ್ತದೆ.

‘ಅಗತ್ಯ ಕ್ರಮ ಕೈಗೊಳ್ಳುವುದು’ ಎಂದಷ್ಟೇ ಬರೆದ ಠರಾವಿನಿಂದ ಏನೂ ಆಗದು. ಯಾವ ವಾರ್ಡು, ಎಷ್ಟು ಮೀಟರ್, ಯಾವ ಲೆಕ್ಕಶೀರ್ಷಿಕೆ (ಯಾವ ಬಾಬ್ತಿನ ಹಣ), ಯಾವ ತಾರೀಖಿನೊಳಗೆ, ಇಷ್ಟೂ ಬೇಕು. ಎತ್ತಿದ ಹೂಳನ್ನು 24 ಗಂಟೆಯೊಳಗೆ ಸಾಗಿಸುವ ಷರತ್ತಂತೂ ಬೇಕೇ ಬೇಕು. ಅಂಚಿನಲ್ಲೇ ಗುಡ್ಡೆ ಹಾಕಿದ ಕೆಂಪು ಮಣ್ಣು, ಪ್ಲಾಸ್ಟಿಕ್, ಸಿಲ್ವರ್ ಓಕ್ ಎಲೆ ಮೊದಲ ಮಳೆಗೇ ಒಳಗೆ ಜಾರಿ ಮೋರಿಯ ಬಾಯಿ ಕಟ್ಟಿಬಿಡುತ್ತವೆ.

ಸಭೆಯ ನಡಾವಳಿಯ ಪ್ರತಿ ಬೇಕಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ; 30 ದಿನದೊಳಗೆ ಉತ್ತರ ಕೊಡಲೇಬೇಕು.