ಸ್ನಾನ ಬೇಡ ಅಂದಾಗ

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಕಾಯಿಲೆ) ಇರುವವರ ಆರೈಕೆಯಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದು ಬಚ್ಚಲುಮನೆಯ ಬಾಗಿಲಲ್ಲಿ. "ನಂದು ಆಗ್ಲೇ ಸ್ನಾನ ಆಯ್ತು" ಅನ್ನುತ್ತಾರೆ. ಆಗಿಲ್ಲವೆಂದು ಸಾಧಿಸಲು ಹೊರಟರೆ ಆ ದಿನದ ಸ್ನಾನ ಅಲ್ಲಿಗೆ ಮುಗಿಯಿತು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮಟ್ಟಿಗೆ ಅದು ನಿಜ.

ಅವರ ಜಾಗದಲ್ಲಿ ನಿಂತು ನೋಡಬೇಕು. ಆಳ ಅಂದಾಜು ಮಾಡುವ ಶಕ್ತಿ ಕುಂದಿರುವುದರಿಂದ ನೆಲದ ಮೇಲಿನ ಕಪ್ಪು ಮ್ಯಾಟ್ ಗುಂಡಿಯ ಹಾಗೆ ಕಾಣಬಹುದು. ಶವರ್ ನೀರು ತಲೆಯ ಮೇಲೆ ಏಕಾಏಕಿ ಸುರಿದರೆ ಯಾರೋ ಹೊಡೆದಂತಾಗುತ್ತದೆ. ಬಟ್ಟೆ ಬಿಚ್ಚುತ್ತಿರುವುದು ಯಾರೆಂದೇ ಗೊತ್ತಾಗದಿದ್ದರೆ ಕೈ ತಳ್ಳದೆ ಇನ್ನೇನು ಮಾಡಿಯಾರು? ಕರುಣೆ ಇಲ್ಲಿ ಕೆಲಸಕ್ಕೆ ಬರುವುದು ಸಿದ್ಧತೆಯ ರೂಪದಲ್ಲಿ.

ಕರೆಯುವ ಮೊದಲೇ ಬಚ್ಚಲನ್ನು ಬೆಚ್ಚಗೆ ಮಾಡಿ, ಸೋಪು, ಟವೆಲ್, ಬಟ್ಟೆ ಕೈಗೆಟುಕುವಲ್ಲಿಟ್ಟು, ಜಾರದ ಕುರ್ಚಿ ಹಾಕಿಡಿ. ನೀರು 37–38 ಡಿಗ್ರಿ ಸೆಲ್ಸಿಯಸ್ ಸಾಕು. ಥರ್ಮಾಮೀಟರ್ ಇಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಸುಡುತ್ತಿದೆ ಎಂದು ಹೇಳುವುದು ಅವರಿಗೆ ಸಾಧ್ಯವಾಗದೇ ಹೋಗಬಹುದು. ಹಿಂದಿನಿಂದ ಮುಟ್ಟಬೇಡಿ. ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಗ್ಗಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ: "ಅಪ್ಪಾ, ಕಾಲು ಇಲ್ಲಿಡಿ." ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಾತು ತಲೆಗಿಳಿಯಲು ಅಷ್ಟು ಹೊತ್ತು ಬೇಕು. ನಡುವೆ ಇನ್ನೊಂದು ಮಾತು ಸೇರಿಸಿದರೆ ಎರಡೂ ಕಲಸಿಹೋಗುತ್ತವೆ. ಇಬ್ಬರು ಒಟ್ಟಿಗೆ ಮಾತಾಡುವುದಂತೂ ಬೇಡವೇ ಬೇಡ.

ಒಂದು ಟವೆಲ್ ಹೆಗಲಿಗೆ, ಇನ್ನೊಂದು ತೊಡೆಗೆ. ಟವೆಲ್ ತೆಗೆಯದೆ, ಅದರಡಿಯಲ್ಲೇ ಕೈಹಾಕಿ ತೊಳೆಯಬಹುದು. ಚಳಿಯೂ ಇಲ್ಲ, ನಾಚಿಕೆಯೂ ಇಲ್ಲ. ಪಾದದಿಂದ ಶುರುಮಾಡಿ ಮೇಲಕ್ಕೆ ಬನ್ನಿ, ಮುಖ ಕೊನೆಗೆ. ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಟ್ಟು, ಆ ಕೈಯ ಕೆಳಗೆ ನಿಮ್ಮ ಕೈ ಆನಿಸಿದರೆ ಎಷ್ಟೋ ಜನ ತಾವೇ ಎದೆ ಉಜ್ಜಿಕೊಳ್ಳುತ್ತಾರೆ. ತಲೆಸ್ನಾನ ಬೇರೆ ದಿನಕ್ಕಿರಲಿ. ಮುಷ್ಟಿ ಬಿಗಿಯಾಯಿತೋ, ಉಸಿರು ಜೋರಾಯಿತೋ, ಅಲ್ಲಿಗೇ ನಿಲ್ಲಿಸಿ, ಒರೆಸಿ, ಹೊದಿಸಿ. ಅರ್ಧ ಸ್ನಾನವೂ ಸ್ನಾನವೇ. ಮುಖ, ಕಂಕುಳು, ತೊಡೆಸಂದು ದಿನವೂ ಶುಚಿಯಾಗಿದ್ದರೆ ಪೂರ್ತಿ ಸ್ನಾನ ವಾರಕ್ಕೆ ಎರಡು ಸಲ ಆದರೆ ಸಾಕು.

ನಿನ್ನೆಯವರೆಗೆ ಒಪ್ಪುತ್ತಿದ್ದವರು ಇದ್ದಕ್ಕಿದ್ದಂತೆ ಕೂಗಾಡಿದರೆ ಕಾಯಿಲೆ ಹೆಚ್ಚಾಯಿತೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ಕೀಲುನೋವು ಹೀಗೆಯೇ ಹೊರಬರುತ್ತವೆ. ತಡಮಾಡದೆ ವೈದ್ಯರಿಗೆ ತೋರಿಸಿ.

ಹೇಗೂ ಮರೆತುಬಿಡುತ್ತಾರಲ್ಲ, ಸ್ವಲ್ಪ ಒರಟಾದರೇನು ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಮೆನ್ಷಿಯಾದ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆ ಇರುವವರಿಗೆ ದುಃಖದ ಮತ್ತು ಸಂತೋಷದ ಚಿತ್ರತುಣುಕುಗಳನ್ನು ತೋರಿಸಿದ್ದರು. ನೋಡಿದ್ದು ಮರೆತುಹೋದ ಮೇಲೂ ಆ ಭಾವನೆ ಉಳಿದಿತ್ತು. ಬೆಳಗಿನ ಬಿರುಸು ಊಟದ ಹೊತ್ತಿಗೆ ಕಾರಣವಿಲ್ಲದ ಮುನಿಸಾಗಿ ಬಂದರೆ ಆಶ್ಚರ್ಯವಿಲ್ಲ.

ಆರೈಕೆ ಮಾಡುವವರಿಗೂ ಕರುಣೆ ಬೇಕು, ಅದು ಹೊಗಳಿಕೆಯಾಗಿ ಬಂದರೆ ಪ್ರಯೋಜನವಿಲ್ಲ. "ಏನಾದ್ರೂ ಬೇಕಿದ್ರೆ ಹೇಳಿ" ಎನ್ನುವವರಿಗೆ ಅವರು ಏನೂ ಹೇಳುವುದಿಲ್ಲ. "ಮಂಗಳವಾರ ಹತ್ತರಿಂದ ಹನ್ನೆರಡರವರೆಗೆ ನಾನು ಕೂತಿರ್ತೀನಿ, ನೀವು ಮಲಗಿ" ಎಂದರೆ ಮಲಗುತ್ತಾರೆ. ಆರೈಕೆ ಮಾಡುವವರೇ, ಬಚ್ಚಲಲ್ಲೇ ನಿಮ್ಮ ದನಿ ಏರತೊಡಗಿದರೆ ನಲ್ಲಿ ನಿಲ್ಲಿಸಿ, ಅವರನ್ನು ಒರೆಸಿ, ಹೊದಿಸಿ, ಕೋಣೆಯಲ್ಲಿ ಭದ್ರವಾಗಿ ಕೂರಿಸಿ, ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಉಳಿದ ಸ್ನಾನ ಸಂಜೆ ಮಾಡಿದರಾಯಿತು.