ಲಾರಿಗಳ ಮೇಲೆ ಹೊರಿಸಿದ ತಪ್ಪು

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯವನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿರುವ ಮೈಕೆಲ್ಸನ್ ಇಂಟರ್‌ಫೆರೋಮೀಟರಿನಲ್ಲಿ ಲೇಸರ್ ಬೆಳಕನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸಿದರೆ ಗೋಡೆಯ ಮೇಲೆ ಕೆಂಪು ಬಳೆಗಳು ಮೂಡುತ್ತವೆ. ಹೀಲಿಯಂ-ನಿಯಾನ್ ಲೇಸರಿನ ತರಂಗದೂರ 632.8 ನ್ಯಾನೋಮೀಟರ್, ಒಂದು ಕನ್ನಡಿ ಅದರ ಅರ್ಧದಷ್ಟು, ಎಂದರೆ ಸುಮಾರು 316 ನ್ಯಾನೋಮೀಟರ್ ಸರಿದರೆ ಸಾಕು, ಒಂದು ಬಳೆ ಪೂರ್ತಿಯಾಗಿ ಹುಟ್ಟುತ್ತದೆ ಇಲ್ಲವೇ ಅಡಗುತ್ತದೆ. ಎಣಿಸುವುದೇ ಪ್ರಯೋಗ. ಎರಡು ವರ್ಷಗಳಿಂದ ನಮ್ಮಲ್ಲಿ ಹಗಲು ಹೊತ್ತು ಬಳೆಗಳು ನಿಲ್ಲುತ್ತಲೇ ಇರಲಿಲ್ಲವಾದ್ದರಿಂದ ಎಣಿಸುವುದಂತೂ ಆಗದ ಮಾತಾಗಿತ್ತು.

ಕಾಲೇಜಿನ ಮುಂದೆಯೇ ಪಿ.ಬಿ. ರಸ್ತೆಯಿದೆ. ಲಾರಿಗಳಿಂದಲೇ ನೆಲ ಅದುರುತ್ತಿದೆ ಎಂದು ನಾನು ಯಾವ ಅಳತೆಯನ್ನೂ ಮಾಡದೆ ತೀರ್ಮಾನಿಸಿ, ಸ್ಕೂಟರಿನ ಟ್ಯೂಬುಗಳಿಗೆ ಅರ್ಧ ಗಾಳಿ ತುಂಬಿಸಿ, ಅವುಗಳ ಮೇಲೆ ಇಬ್ಬರು ಹೊರಬೇಕಾದ ಕಲ್ಲಿನ ಚಪ್ಪಡಿಯೊಂದನ್ನು ಕೂರಿಸಿ, ಅದರ ಮೇಲೆ ಉಪಕರಣವನ್ನು ಇರಿಸಿದೆ. ಸ್ವಲ್ಪ ಗುಣ ಕಂಡಿತು, ಸಾಲದಾಯಿತು. ಆಮೇಲೆ ದುಬಾರಿಯಾದ ಕಂಪನರಹಿತ ಮೇಜು ಬೇಕೆಂದು ಪ್ರಸ್ತಾವನೆಯನ್ನೂ ಬರೆದಿಟ್ಟೆ.

ಅದೇ ದಿನಗಳಲ್ಲಿ ದೊಡ್ಡ ದೂರದರ್ಶಕಗಳ ವ್ಯತಿಕರಣ ವ್ಯವಸ್ಥೆಯನ್ನು, ಎಂದರೆ ಹಲವು ದೂರದರ್ಶಕಗಳ ಬೆಳಕನ್ನು ಕೂಡಿಸಿ ನೋಡುವ ಏರ್ಪಾಟನ್ನು, ಹೇಗೆ ಉನ್ನತೀಕರಿಸುತ್ತಾರೆ ಎಂಬ ವಿಷಯವಾಗಿ ವಿದ್ಯಾರ್ಥಿಗಳಿಗೆ ಒಂದು ಉಪನ್ಯಾಸವನ್ನು ಸಿದ್ಧಪಡಿಸುತ್ತಿದ್ದೆ. ಚಿಲಿ ದೇಶದ ಪರಾನಾಲ್ ಬೆಟ್ಟದ ಮೇಲೆ, 2,635 ಮೀಟರ್ ಎತ್ತರದಲ್ಲಿ, 8.2 ಮೀಟರ್ ಅಗಲದ ಕನ್ನಡಿಯುಳ್ಳ ನಾಲ್ಕು ದೂರದರ್ಶಕಗಳಿವೆ. ಒಂದೊಂದರ ಬೆಳಕನ್ನೂ ನೆಲದಡಿಯ ಸುರಂಗಕ್ಕೆ ಇಳಿಸಿ, ಹಳಿಗಳ ಮೇಲೆ ಓಡಾಡುವ ಗಾಡಿಗಳಲ್ಲಿ ಕೂರಿಸಿದ ಕನ್ನಡಿಗಳಿಂದ ಹಾದಿಯ ಉದ್ದವನ್ನು ಸರಿತೂಗಿಸಿ, ಕೊನೆಗೆ ಒಂದೆಡೆ ಬೆರೆಸುತ್ತಾರೆ. ಅವುಗಳ ನಡುವಿನ ಗರಿಷ್ಠ ಅಂತರ ಸುಮಾರು 130 ಮೀಟರ್; ಸೂಕ್ಷ್ಮ ವಿವರವನ್ನು ಬಿಡಿಸಿ ನೋಡುವ ಮಟ್ಟಿಗೆ ಅಷ್ಟೇ ಅಗಲದ ಒಂದು ದೂರದರ್ಶಕದ ಬಲ ಅವಕ್ಕೆ ಬರುತ್ತದೆ. 2018ರಲ್ಲಿ ಆಕಾಶಗಂಗೆಯ ನಡುವಿನ ಕಪ್ಪುಕುಳಿಯ ಹತ್ತಿರ ಹಾದುಹೋದ ಎಸ್2 ನಕ್ಷತ್ರವನ್ನು ಹಿಂಬಾಲಿಸಿದ ಗ್ರಾವಿಟಿ ಉಪಕರಣ ಅಲ್ಲಿಯದು. ಅದನ್ನು ಇನ್ನೂ ಮಸುಕಾದ ಕಾಯಗಳನ್ನು ನೋಡಲು ಸಜ್ಜುಗೊಳಿಸುವ ಯೋಜನೆಯೇ ಗ್ರಾವಿಟಿ ಪ್ಲಸ್.

ಈ ಯೋಜನೆಯಲ್ಲಿ ಸುದ್ದಿಯಾದದ್ದು ಲೇಸರುಗಳು. ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪರಮಾಣುಗಳನ್ನು ಬೆಳಗಿಸಿ, ಗಾಳಿಯ ಕಲಕಾಟವನ್ನು ಅಳೆಯಲು ಕೃತಕ ನಕ್ಷತ್ರವನ್ನು ಮೂಡಿಸುವ ಆ ಕಿರಣಗಳು 2025ರಲ್ಲಿ ನಾಲ್ಕೂ ದೂರದರ್ಶಕಗಳಿಂದ ಆಕಾಶಕ್ಕೆ ಚಿಮ್ಮಿದ ಚಿತ್ರ ನಿಜಕ್ಕೂ ಸೊಗಸಾಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಯಾರೂ ಚಿತ್ರ ತೆಗೆಯದ ಇನ್ನೊಂದು ಕೆಲಸ. ಆ ದೂರದರ್ಶಕಗಳಲ್ಲಿ ಬಹುಕಾಲ ಕಾಡಿದ ತೊಂದರೆಯೆಂದರೆ ಕಂಪನ, ಮತ್ತು ಅದರ ಒಂದು ಪಾಲು ಹುಟ್ಟುತ್ತಿದ್ದುದು ಅದೇ ದೂರದರ್ಶಕಗಳಿಗೆ ಜೋಡಿಸಿದ ಬೇರೆ ಉಪಕರಣಗಳ ಶೀತಕ ಯಂತ್ರಗಳಿಂದ. ಆದ್ದರಿಂದ ಕನ್ನಡಿಗಳಿಗೇ ವೇಗೋತ್ಕರ್ಷ ಮಾಪಕಗಳನ್ನು (ಅದುರುವಿಕೆಯನ್ನು ಗುರುತಿಸುವ ಸಂವೇದಕಗಳನ್ನು) ಅಂಟಿಸಿ, ಅವು ಎಷ್ಟು ಅದುರುತ್ತಿವೆಯೆಂದು ಅಳೆದು, ಅಷ್ಟನ್ನು ಬೆಳಕಿನ ಹಾದಿಯಲ್ಲಿ ಕಳೆಯುತ್ತಾರೆ. ಜೊತೆಗೆ ಕಂಪನ ಹುಟ್ಟಿಸುವ ಯಂತ್ರಗಳನ್ನು ಒಂದೊಂದಾಗಿ ಹುಡುಕಿ ಶಾಂತಗೊಳಿಸುತ್ತಾರೆ.

ಇದನ್ನು ಓದಿಯೂ ನನಗೆ ನಮ್ಮ ಕೊಠಡಿಯ ನೆನಪಾಗಲಿಲ್ಲ. ಸಂಜೆ ಬೀಗ ಹಾಕಲು ಬಂದ ಅಟೆಂಡರ್ ಗೋಡೆಯ ಮೇಲಿನ ಬಳೆಗಳನ್ನು ನೋಡುತ್ತ ನಿಂತು ಕೇಳಿದರು: “ಸರ್, ಲಾರಿ ರಾತ್ರಿನೇ ಜಾಸ್ತಿ ಓಡಾಡ್ತಾವಲ್ರಿ. ಆಗ ಇವು ಗಪ್ಪಂತ ನಿಂತಿರ್ತಾವಲ್ಲ, ಹೆಂಗ್ರೀ?”

ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಮೊಬೈಲನ್ನು ಚಪ್ಪಡಿಯ ಮೇಲಿಟ್ಟು ಅದರೊಳಗಿನ ಸಂವೇದಕದಿಂದ ಕಂಪನದ ಆವೃತ್ತಿಯನ್ನು ನೋಡಿದಾಗ 24 ಹರ್ಟ್ಸ್, ಎಂದರೆ ಸೆಕೆಂಡಿಗೆ 24 ಸಲದ ಬಳಿ ಚೂಪಾದ ಒಂದೇ ಶಿಖರ ಎದ್ದು ನಿಂತಿತ್ತು. ಲಾರಿಯ ಕಂಪನವಾದರೆ ಬರುತ್ತದೆ, ಹೋಗುತ್ತದೆ; ಇದು ಕದಲದೆ ಇತ್ತು. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿನ ಸುತ್ತುಗಳನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ ಸರಿಯಾಗಿ 24. ಅಂಥ ಮೋಟಾರು ಪಕ್ಕದ ಕಂಪ್ಯೂಟರ್ ಕೊಠಡಿಗೆ ಗಾಳಿ ಹಾಯಿಸುವ ಬ್ಲೋವರಿನಲ್ಲಿತ್ತು. ಎರಡು ವರ್ಷದ ಹಿಂದೆ ಅದನ್ನು ಎರಡೂ ಕೊಠಡಿಗಳ ನಡುವಿನ ಗೋಡೆಗೆ ಬೋಲ್ಟು ಬಿಗಿದು ಕೂರಿಸುವಾಗ ಒಪ್ಪಿಗೆಯ ಸಹಿ ಹಾಕಿದವನು ನಾನೇ. ಸಂಜೆ ಐದಕ್ಕೆ ಆ ಕೊಠಡಿ ಮುಚ್ಚುತ್ತಿತ್ತು, ಬ್ಲೋವರ್ ನಿಲ್ಲುತ್ತಿತ್ತು.

ಬ್ಲೋವರನ್ನು ಗೋಡೆಯಿಂದ ಬಿಚ್ಚಿ, ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡಿನಲ್ಲಿ ದಪ್ಪ ರಬ್ಬರ್ ಇಟ್ಟು ನಿಲ್ಲಿಸಲು ವೆಲ್ಡರಿಗೆ ಅರ್ಧ ದಿನ ಹಿಡಿಯಿತು. ಮೇಜಿನ ಪ್ರಸ್ತಾವನೆಯನ್ನು ನಾನೇ ಹಿಂತೆಗೆದುಕೊಂಡೆ. ಈಗ ಯಾವ ಹೊಸ ಉಪಕರಣ ಬಂದರೂ ಅದು ಬರುವ ಮೊದಲು ಒಂದು ವಾರ, ಬಂದ ಮೇಲೆ ಒಂದು ವಾರ, ಹಗಲು ರಾತ್ರಿಯ ಕಂಪನವನ್ನು ಬರೆದಿಡುವ ದಪ್ಪ ಪುಸ್ತಕವೊಂದು ಬಾಗಿಲ ಬಳಿ ತೂಗುತ್ತಿದೆ. ಅದರಲ್ಲಿ ರಾತ್ರಿಯ ಸಾಲುಗಳನ್ನು ತುಂಬುವವರು ಅಟೆಂಡರ್. ಲಾರಿಗಳು ಇಂದಿಗೂ ಹಾಯುತ್ತವೆ. ಭಾರದ ಲಾರಿ ಹೋದಾಗ ಬಳೆಗಳು ಒಮ್ಮೆ ಕಂಪಿಸಿ, ಮತ್ತೆ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ.